ಹೊರಡುವವರ ಲೆಕ್ಕ

ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಎಂಜಿನ್‌ಎಕ್ಸ್ ವೆಬ್ ಸರ್ವರಿನ ಕಾನ್ಫಿಗರೇಶನ್ನಿನಲ್ಲಿ ನಾಲ್ಕು ಸಾಲು ಬದಲಾದವು. ಬದಲಿಸಿದವನು ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಹುಡುಗ. ರೀಲೋಡ್ ಆದ ಕೂಡಲೇ ನಾನು ಮೆಮೊರಿ ನೋಡಿದೆ. ನಾಲ್ಕು ವರ್ಕರ್‌ಗಳದ್ದು ಸೇರಿ 480 ಎಂಬಿ ಇದ್ದದ್ದು 960 ಆಗಿತ್ತು.

“ಏನಪ್ಪಾ ಇದು, ಸರ್ವರನ್ನೇ ಮುಳುಗಿಸ್ತೀಯಾ?” ಎಂದೆ. ಕಾಲ್‌ನಲ್ಲಿ ಇಡೀ ತಂಡ ಇತ್ತು. ಅವನು “ಸಾರಿ ಸರ್” ಎಂದು ನಾಲ್ಕೂ ಸಾಲು ತೆಗೆದು ಮತ್ತೆ ರೀಲೋಡ್ ಮಾಡಿದ. ಈಗ 1,440 ಎಂಬಿ! ಸಾಲುಗಳನ್ನು ತೆಗೆದ ಮೇಲೂ ಏರಿದ್ದು ಕಂಡು ನನ್ನ ಬಾಯಿ ಕಟ್ಟಿತು.

ರೀಲೋಡ್ ಎಂದರೇನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಈ ಸರ್ವರಿನ ಹೆಚ್ಚುಗಾರಿಕೆಗಳಲ್ಲಿ ಅದೂ ಒಂದು. ಮಾಸ್ಟರ್ ಪ್ರೊಸೆಸ್ ಹೊಸ ಕಾನ್ಫಿಗರೇಶನ್ ಓದಿ ಹೊಸ ವರ್ಕರ್‌ಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಹಳಬರಿಗೆ ‘ಕೈಯಲ್ಲಿರುವ ಕೆಲಸ ಮುಗಿಸಿ ಹೊರಡಿ’ ಎನ್ನುತ್ತದೆ. ಅವು ಹೊಸ ಸಂಪರ್ಕ ತೆಗೆದುಕೊಳ್ಳುವುದಿಲ್ಲ, ಇದ್ದವರನ್ನು ನಡುನೀರಿನಲ್ಲಿ ಬಿಡುವುದೂ ಇಲ್ಲ. ನಮ್ಮದರಲ್ಲಿ ಚಾಟ್‌ಗಾಗಿ ವೆಬ್‌ಸಾಕೆಟ್ ಸಂಪರ್ಕಗಳಿದ್ದವು, ಗಂಟೆಗಟ್ಟಲೆ ತೆರೆದೇ ಇರುವಂಥವು. ಪ್ರೊಸೆಸ್‌ಗಳ ಪಟ್ಟಿ ತೆಗೆದು ನೋಡಿದರೆ ಹನ್ನೆರಡು ವರ್ಕರ್‌ಗಳು. ಎಂಟರ ಮುಂದೆ ‘ಈಸ್ ಶಟಿಂಗ್ ಡೌನ್’ ಎಂದು ಬರೆದಿತ್ತು. ನಾನು ಹೊರಡುವವರನ್ನೂ ಬಂದವರನ್ನೂ ಒಟ್ಟಿಗೆ ಎಣಿಸಿ ಹುಡುಗನ ತಲೆಗೆ ಕಟ್ಟಿದ್ದೆ.

ತಪ್ಪು ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಕೂಡಿದ್ದು ಆರ್‌ಎಸ್‌ಎಸ್ ಅಂಕಿಯನ್ನು. ವರ್ಕರ್‌ಗಳೆಲ್ಲ ಹಂಚಿಕೊಂಡ ಮೆಮೊರಿಯನ್ನು ಅದು ಪ್ರತಿಯೊಂದರ ಹೆಸರಿನಲ್ಲೂ ಪೂರ್ತಿಯಾಗಿ ಬರೆಯುತ್ತದೆ. ಪಾಲಾಗದ ಮನೆಯ ನಾಲ್ವರು ಅಣ್ಣತಮ್ಮಂದಿರನ್ನು ಬೇರೆ ಬೇರೆ ಕೇಳಿ, ಊರಲ್ಲಿ ನಾಲ್ಕು ಮನೆ ಇವೆ ಎಂದು ಬರೆದುಕೊಂಡಂತೆ. ಲಿನಕ್ಸ್‌ನಲ್ಲಿ ಪಿಎಸ್‌ಎಸ್ ಎಂಬ ಇನ್ನೊಂದು ಅಂಕಿ ಇದೆ. ಹಂಚಿಕೊಂಡದ್ದನ್ನು ಅದು ಪಾಲು ಮಾಡಿ ತೋರಿಸುತ್ತದೆ.

ಬೆಳಿಗ್ಗೆ ಹಳೆಯ ವರ್ಕರ್‌ಗಳೆಲ್ಲ ಹೋದ ಮೇಲೆ ಅದೇ ನಾಲ್ಕು ಸಾಲು ಸೇರಿಸಿ ರೀಲೋಡ್ ಮಾಡಿಸಿದೆ. ಸಂಜೆ, ಹಳಬರು ಯಾರೂ ಉಳಿದಿಲ್ಲವೆಂದು ಖಚಿತಮಾಡಿಕೊಂಡು ಪಿಎಸ್‌ಎಸ್ ಕೂಡಿದೆ. ಸುಮಾರು 240 ಎಂಬಿ. ಬದಲಾವಣೆಗೆ ಮುಂಚಿನ ಲೆಕ್ಕಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಹಳಬರು ಇಷ್ಟು ಹೊತ್ತಿನಲ್ಲಿ ಹೊರಡಲೇಬೇಕು ಎಂದು ಗಡುವು ಹಾಕುವ ಸೌಲಭ್ಯ 2017ರಿಂದ ಎಂಜಿನ್‌ಎಕ್ಸ್‌ನಲ್ಲಿದೆ. ಅದನ್ನು ಹಾಕೋಣವೇ ಎಂದು ಹುಡುಗನನ್ನೇ ಕೇಳಿದೆ. “ಹಾಕಿದ್ರೆ ಚಾಟ್ ಮಾಡ್ತಿರೋರ ಸಂಪರ್ಕ ಕಡಿದುಹೋಗುತ್ತಲ್ಲ ಸರ್. ಮೆಮೊರಿ ಸಾಕಷ್ಟಿದೆ, ಕಾಯೋಣ” ಎಂದ.

ಬೈದದ್ದು ಎಲ್ಲರೆದುರು. ಹಾಗಾಗಿ ಮರುದಿನದ ಕಾಲ್‌ನಲ್ಲಿ, ಎಲ್ಲರೂ ಸೇರಿದ ಮೇಲೆ, ತಪ್ಪು ಎಣಿಸಿದವನು ನಾನು ಎಂದೆ. ಅವನು ಏನೂ ಹೇಳಲಿಲ್ಲ. ಈಗ ರೀಲೋಡ್ ಆದ ಮೇಲೆ ಮೊದಲು ನೋಡುವುದು ಯಾರು ಇನ್ನೂ ಹೊರಟಿಲ್ಲ ಎಂಬುದನ್ನು. ಅಂಕಿಯ ಮಾತು ಆಮೇಲೆ.