ಬಾಲಿಮೆಲಾದ ನೀರು ಮತ್ತು ಒಂದು ಸೇತುವೆ

ಒಡಿಶಾದ ದಕ್ಷಿಣದ ತುದಿಯಲ್ಲಿರುವ ಜಿಲ್ಲೆ ಮಲ್ಕಾನ್‌ಗಿರಿ. ಅಲ್ಲಿಂದ ಬಾಲಿಮೆಲಾ ಪಟ್ಟಣವನ್ನು ದಾಟಿ ಚಿತ್ರಕೊಂಡಕ್ಕೆ ಬಂದರೆ ಕಣ್ಣು ಹಾಯುವಷ್ಟು ದೂರ ನೀರು. ನಡುನಡುವೆ ತಲೆಯೆತ್ತಿ ನಿಂತ ಹಸಿರು ಗುಡ್ಡಗಳು. ಹೊಸದಾಗಿ ನೋಡುವವರಿಗೆ ಇದು ವಿಹಾರಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಇಲ್ಲಿನವರು ಈ ನೀರನ್ನು ಕಂಡ ಬಗೆಯೇ ಬೇರೆ.

ಮಾಚ್‌ಕುಂಡ್ ನದಿ ಮುಂದೆ ಹರಿದು ಸಿಲೇರು ಎನಿಸಿಕೊಳ್ಳುತ್ತದೆ. ಒಡಿಶಾ ಮತ್ತು ಆಂಧ್ರ ಎರಡೂ ಸೇರಿ ಇದಕ್ಕೆ ಅಣೆಕಟ್ಟು ಕಟ್ಟಿದವು. ನೀರು ಯಾವಾಗಲೂ ತಗ್ಗನ್ನೇ ಹುಡುಕುತ್ತದೆ. ಅಣೆಕಟ್ಟಿನ ಹಿಂದೆ ಅದು ಒಂದೊಂದೇ ಕಣಿವೆಯನ್ನು ತುಂಬುತ್ತಾ ಹೋಯಿತು. ಹಳೆಯ ಕಾಲುದಾರಿಗಳು ಮುಳುಗಿದವು. ಮೂರು ಕಡೆ ನೀರು, ಇನ್ನೊಂದು ಕಡೆ ಆಂಧ್ರದ ಕಾಡು. ಹೀಗೆ 151 ಹಳ್ಳಿಗಳು ಹೊರಜಗತ್ತಿನಿಂದ ಬೇರ್ಪಟ್ಟವು. ಸರ್ಕಾರಿ ಕಾಗದಗಳಲ್ಲೇ ಇದಕ್ಕೆ 'ಕಟ್ ಆಫ್ ಪ್ರದೇಶ' ಎಂಬ ಹೆಸರು ಬಿತ್ತು. ಬಾಲಿಮೆಲಾದ ವಿದ್ಯುದಾಗಾರದ ಸಾಮರ್ಥ್ಯ 510 ಮೆಗಾವಾಟ್. ಆದರೂ ಭೂಮಿ ಕಳೆದುಕೊಂಡ ಅನೇಕ ಹಳ್ಳಿಗಳಲ್ಲಿ ದಶಕಗಳ ಕಾಲ ದೀಪ ಉರಿಯಲಿಲ್ಲ. ಸಂತೆಗಾಗಲಿ ಆಸ್ಪತ್ರೆಗಾಗಲಿ ದೋಣಿ ಇಲ್ಲವೆ ಲಾಂಚೇ ಗತಿ.

ಸರ್ಕಾರ ತಲುಪದ ಕಡೆಗೆ ಮಾವೋವಾದಿಗಳು ತಲುಪಿದರು. ಅವರ ಬೆನ್ನು ಹತ್ತಿ ಬಂದದ್ದು ಆಂಧ್ರ ಪೊಲೀಸರ ಗ್ರೇಹೌಂಡ್ಸ್ ಪಡೆ. 1989ರಲ್ಲಿ ಕೆ.ಎಸ್. ವ್ಯಾಸ್ ಎಂಬ ಐ.ಪಿ.ಎಸ್. ಅಧಿಕಾರಿ ಇದನ್ನು ಕಟ್ಟಿದರು. ಓಟಕ್ಕೆ ಹೆಸರಾದ ಬೇಟೆನಾಯಿಯ ಹೆಸರನ್ನೇ ಪಡೆಗೆ ಇಡಲಾಯಿತು. ನೆಲಬಾಂಬಿನ ಭಯದಿಂದ ರಸ್ತೆ ಬಿಟ್ಟು ನಡೆಯುವುದು, ರಾತ್ರಿ ಸಾಗುವುದು, ಹೋದ ದಾರಿಯಲ್ಲಿ ಮರಳದಿರುವುದು, ಸಣ್ಣ ಗುಂಪಿನಲ್ಲಿ ದಿನಗಟ್ಟಲೆ ಕಾಡಿನಲ್ಲೇ ಇರುವುದು ಇವರ ಕಲಿಕೆಯ ಮುಖ್ಯ ಪಾಠಗಳು. 1993ರ ಜನವರಿಯಲ್ಲಿ ಹೈದರಾಬಾದಿನ ಕ್ರೀಡಾಂಗಣವೊಂದರಲ್ಲಿ ವ್ಯಾಸ್ ಅವರನ್ನು ನಕ್ಸಲರು ಗುಂಡಿಟ್ಟು ಕೊಂದರು. ಪಡೆ ಮಾತ್ರ ಬೆಳೆಯಿತು, ಇತರ ರಾಜ್ಯಗಳಿಗೂ ಮಾದರಿಯಾಯಿತು.

ಅಂಥ ಪಡೆಯೂ 2008ರ ಜೂನ್ 29ರಂದು ಈ ಜಲಾಶಯದಲ್ಲಿ ಸೋತಿತು. ಅರವತ್ತಕ್ಕೂ ಹೆಚ್ಚು ಜನರಿದ್ದ ಲಾಂಚಿನ ಮೇಲೆ ದಡದ ಗುಡ್ಡದಿಂದ ಗುಂಡಿನ ಮಳೆ ಸುರಿಯಿತು. ಕಾಡಿನಲ್ಲಾದರೆ ಮರೆಗೆ ಮರವಿದೆ, ಬಂಡೆಯಿದೆ. ತೆರೆದ ನೀರಿನಲ್ಲಿ ಏನಿದೆ? ಲಾಂಚ್ ಮುಳುಗಿತು. ಬೂಟು, ಬಂದೂಕು, ಮದ್ದುಗುಂಡುಗಳ ಭಾರ ಹೊತ್ತವನಿಗೆ ಈಜುವುದು ಸುಲಭವಲ್ಲ. 38 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಗ್ರೇಹೌಂಡ್ಸ್ ಪಡೆಯವರು. ದೇಹಗಳಿಗಾಗಿ ದಿನಗಟ್ಟಲೆ ನೀರನ್ನು ಜಾಲಾಡಬೇಕಾಯಿತು.

2016ರ ಅಕ್ಟೋಬರ್‌ನಲ್ಲಿ ಇದೇ ಪ್ರದೇಶದ ರಾಮಗುಡಾ ಬಳಿ ಇಪ್ಪತ್ತಕ್ಕೂ ಹೆಚ್ಚು ಮಾವೋವಾದಿಗಳು ಪೊಲೀಸರ ಗುಂಡಿಗೆ ಬಲಿಯಾದರು. ಗ್ರೇಹೌಂಡ್ಸ್‌ನ ಒಬ್ಬ ಪೇದೆಯೂ ಸತ್ತ. ಅದು ನಿಜವಾದ ಕಾಳಗವೇ ಎಂದು ಮಾನವ ಹಕ್ಕುಗಳ ಸಂಘಟನೆಗಳು ಪ್ರಶ್ನೆ ಎತ್ತಿದವು. ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದವರು, ಯಾರದೋ ಮನೆಯ ಮಕ್ಕಳು.

ಚಿತ್ರಕೊಂಡದಿಂದ ಜಾನ್‌ಬಾಯಿಗೆ ಹೋಗುವವರಿಗೆ ಇಂದು ಲಾಂಚ್ ಬೇಕಿಲ್ಲ. 910 ಮೀಟರ್ ಉದ್ದದ ಗುರುಪ್ರಿಯಾ ಸೇತುವೆ ನೀರನ್ನು ದಾಟಿಸುತ್ತದೆ. ಇದಕ್ಕೆ ಶಂಕುಸ್ಥಾಪನೆ ಆದದ್ದು 1982ರಲ್ಲಿ. ಮಾವೋವಾದಿಗಳ ಭಯದಿಂದ ಗುತ್ತಿಗೆದಾರರು ಮುಂದೆ ಬರಲಿಲ್ಲ. ಕೊನೆಗೆ ಗಡಿ ಭದ್ರತಾ ಪಡೆಯ ಕಾವಲಿನಲ್ಲಿ ಕೆಲಸ ಮುಗಿದು 2018ರ ಜುಲೈ 26ರಂದು ಸೇತುವೆ ತೆರೆಯಿತು. ಪ್ರದೇಶಕ್ಕೂ 'ಸ್ವಾಭಿಮಾನ್ ಅಂಚಲ್' ಎಂಬ ಹೊಸ ಹೆಸರು ಬಂತು.

ಅಡಿಗಲ್ಲಿನಿಂದ ಸೇತುವೆಯವರೆಗೆ 36 ವರ್ಷ. ಕಮಾಂಡೊಗಳು ಕಾವಲಿಲ್ಲದೆ ಸೇತುವೆ ಏಳುತ್ತಿರಲಿಲ್ಲ ಎನ್ನುವವರಿದ್ದಾರೆ. ಸೇತುವೆ ಮೊದಲೇ ಎದ್ದಿದ್ದರೆ ಕಮಾಂಡೊಗಳೇ ಬೇಕಾಗುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಕಂಬಗಳ ನಡುವೆ ಸುಮ್ಮನೆ ನಿಂತಿರುವ ನೀರು ನೋಡಿದವರಿಗೆ ಎರಡನೆಯ ಮಾತು ಬೇಗ ಮರೆಯುವಂಥದಲ್ಲ.