ಅತ್ತೂರಿನ ಇಗರ್ಜಿಯೂ ಒಂದು ಮನೆತನವೂ

ಕಾರ್ಕಳಕ್ಕೆ ಹೋದವರು ಬಹುಮಟ್ಟಿಗೆ ಗೊಮ್ಮಟನನ್ನು ಕಂಡು ಹಿಂದಿರುಗುವರು. ನಾನೂ ಅಂಥವರಲ್ಲೊಬ್ಬನು. ಕಳೆದ ಜನವರಿಯಲ್ಲಿ ಮಾತ್ರ, ಹಿಂದೆ ನನ್ನಲ್ಲಿ ಓದಿದ ಕ್ರೈಸ್ತ ಗೃಹಸ್ಥನೊಬ್ಬನ ಒತ್ತಾಯದಿಂದ, ಸಮೀಪದ ಅತ್ತೂರಿನ ಜಾತ್ರೆಯನ್ನು ನೋಡುವ ಯೋಗವುಂಟಾಯಿತು.

ಇಲ್ಲಿಯ ಸಂತ ಲಾರೆನ್ಸರ ಇಗರ್ಜಿಗೆ 2016ರಲ್ಲಿ ‘ಬಸಿಲಿಕಾ’ ಎಂಬ ಪದವಿ ರೋಮಿನಿಂದ ದೊರೆಯಿತು. ಸುತ್ತಣ ಜನರಿಗಾದರೋ ಅದು ಎಂದಿನಂತೆ ಅತ್ತೂರು ಇಗರ್ಜಿಯೇ, ಉತ್ಸವವು ‘ಸಾಂತ್‌ಮಾರಿ’ಯೇ. ಸರ್ವಮತದವರೂ ಹೂವು, ಮೇಣದ ಬತ್ತಿ ಹಿಡಿದು ಸಾಲುಗಟ್ಟಿ ನಿಲ್ಲುವರು. ಕ್ರಿ.ಶ. 258ರಲ್ಲಿ ರೋಮಿನಲ್ಲಿ ಪ್ರಾಣತೆತ್ತ ಈ ಸಂತನು, ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಯು ಆಜ್ಞಾಪಿಸಲು, ದೀನದರಿದ್ರರನ್ನು ಕರೆತಂದು ನಿಲ್ಲಿಸಿ, ಇವರೇ ನಮ್ಮ ಭಂಡಾರವೆಂದನಂತೆ. ಸರ್ವಸ್ವವನ್ನೂ ದಾನವಿತ್ತು, ಕೌತ್ಸನಿಗೆ ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯವನ್ನಿತ್ತ ರಘುಮಹಾರಾಜನು ನನ್ನ ನೆನಪಿಗೆ ಬಂದನು.

ಜಾತ್ರೆಯ ಹಿಂದಿನ ರಾತ್ರಿ ಶಿಷ್ಯನ ಮನೆಯಲ್ಲಿ ತಂಗಿದೆನು. ಅವನ ತಾಯಿಗೆ ಎಂಬತ್ತು ದಾಟಿದೆ. ಊಟವಾದ ಮೇಲೆ ಆಕೆ ಜಗಲಿಯಲ್ಲಿ ಕುಳಿತು ಮನೆತನದ ಕಥೆಯನ್ನು ಹೇಳತೊಡಗಿದರು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದನ್ನು ಚರಿತ್ರೆಯಲ್ಲಿ ಓದಿದ್ದೇವೆ. 1799ರಲ್ಲಿ ಅವನ ಪತನಾನಂತರ ಅಳಿದುಳಿದವರು ಘಟ್ಟವಿಳಿದು ಬಂದರು. ಈ ಮನೆಯ ಮೂಲಪುರುಷನು ಅವರಲ್ಲೊಬ್ಬನೆಂದು ಮನೆಯವರ ನಂಬಿಕೆ. ಮರಳಿ ಬಂದವರಿಗೆ ಇಗರ್ಜಿಯಿಲ್ಲ. ಅವರು ಪಾದ್ರಿಯೊಡನೆ ಲಾರೆನ್ಸರ ಚಿಕ್ಕ ಮರದ ವಿಗ್ರಹವನ್ನು ಹೊತ್ತು ಸ್ಥಳವನ್ನರಸುತ್ತ ಬಂದು, ಪರ್ಪಲೆ ಗುಡ್ಡದ ಬುಡದಲ್ಲಿ ದಣಿವಾರಿಸಿಕೊಂಡರಂತೆ. ಎದ್ದು ಹೊರಡುವಾಗ ವಿಗ್ರಹವು ಕದಲಲಿಲ್ಲವೆಂದು ಐತಿಹ್ಯ. ಶ್ರವಣಬೆಳಗೊಳದಿಂದ ಶೃಂಗೇರಿಯವರೆಗೆ ನಮ್ಮ ನಾಡಿನ ಯಾವ ಕ್ಷೇತ್ರಕ್ಕೆ ಇಂಥದೊಂದು ಕಥೆಯಿಲ್ಲ? ನಾನು ತರ್ಕಿಸಲು ಹೋಗಲಿಲ್ಲ.

ಅಂದಿನಿಂದ ಪ್ರತಿವರ್ಷವೂ ಮನೆಯ ಗಂಡುಮಗನೊಬ್ಬನು ತನ್ನೆದೆಯೆತ್ತರದ ಮೇಣದ ಬತ್ತಿಯನ್ನು ಹೊತ್ತು ಕಾಲ್ನಡೆಯಲ್ಲಿ ಹೋಗಿ ಒಪ್ಪಿಸುವ ಪದ್ಧತಿ. ಶಿಷ್ಯನಿಗೆ ಮಂಡಿನೋವು, ಊರುಗೋಲಿಲ್ಲದೆ ನಡೆಯಲಾರನು. ಮಗನು ದುಬಾಯಿಯಲ್ಲಿದ್ದಾನೆ, ರಜೆ ಸಿಕ್ಕಲಿಲ್ಲವೆಂದು ಅದೇ ಸಂಜೆ ತಿಳಿಯಬಂದಿತು. ಬತ್ತಿಯನ್ನು ಕಾರಿನಲ್ಲಿಟ್ಟು ಒಯ್ಯೋಣವೆಂದು ಶಿಷ್ಯನು ಸೂಚಿಸಿದ್ದಕ್ಕೆ ಮುದುಕಿ ಉತ್ತರವನ್ನೇ ಕೊಡಲಿಲ್ಲ. ಹತ್ತು ವರ್ಷದ ಮೊಮ್ಮಗಳು, “ನಾನು ಹೊರುತ್ತೇನೆ ಅಜ್ಜಿ” ಎಂದಳು. “ನೀನು ನಾಳೆ ಇನ್ನೊಂದು ಮನೆ ಸೇರುವವಳು, ಸುಮ್ಮನಿರು” ಎಂದು ಆಕೆ ಗದರಿಸಿದರು. ಹುಡುಗಿ ಅಳಲಿಲ್ಲ, ಬತ್ತಿಯ ಪಕ್ಕದಲ್ಲಿಯೇ ಚಾಪೆ ಹಾಸಿ ಮಲಗಿದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಒಳಕೋಣೆಯಲ್ಲಿ ಮುದುಕಿ ಜಪಮಾಲೆಯನ್ನು ಎಣಿಸುತ್ತಿದ್ದುದು ಬಹಳ ಹೊತ್ತಿನವರೆಗೆ ಕೇಳಿಸುತ್ತಿತ್ತು.

ಬೆಳಗಿನ ಜಾವ ಆಕೆಯೇ ಹುಡುಗಿಯನ್ನೆಬ್ಬಿಸಿ, ಸ್ನಾನಮಾಡಿಸಿ, ತಲೆಬಾಚಿದರು. ಬಳಿಕ ಬತ್ತಿಯನ್ನು ಅವಳ ಎದೆಗೆ ಹಿಡಿದು ಅಳೆದು ನೋಡಿದರು. ಅದು ಅವಳ ತಲೆಗಿಂತ ಗೇಣುದ್ದ ಮೇಲಿತ್ತು. “ಬಾಯಮ್ಮ, ಮಗುವಿಗೆ ಭಾರವಾಗದೇ?” ಎಂದೆ.

“ಆಗುತ್ತದೆ ಮಾಸ್ಟ್ರೇ. ನಾವು ಜೊತೆಗಿದ್ದೇವಲ್ಲ” ಎನ್ನುತ್ತ ಆಕೆ ತಮ್ಮ ಚಪ್ಪಲಿಗಳನ್ನು ಮೆಟ್ಟಿಲಿನ ಮೇಲೆಯೇ ಬಿಟ್ಟು ಅಂಗಳಕ್ಕಿಳಿದರು. ಮಂಜಿನ್ನೂ ಕರಗಿರಲಿಲ್ಲ. ದಾರಿಯುದ್ದಕ್ಕೂ ಬತ್ತಿಯ ಬುಡಕ್ಕೊಂದು ಕೈ ಕೊಟ್ಟೇ ನಡೆದರು.