ಗೋಡೆಯಿಲ್ಲದ ಸಂಗ್ರಹಾಲಯ

ವಸ್ತುಸಂಗ್ರಹಾಲಯವೆಂದೊಡನೆ ಮಹಾನಗರದ ಭವ್ಯ ಕಟ್ಟಡವೂ ಗಾಜಿನ ಕಪಾಟುಗಳೂ ಕಣ್ಣಮುಂದೆ ಬರುವುದು ಸಹಜ. ಹಲಗೇರಿಯ ಸೀಮೆಗೆ ಬಂದ ಪ್ರವಾಸಿಗನಿಗೆ ಅವೆರಡೂ ಬೇಕಿಲ್ಲ. ರಾಣೆಬೆನ್ನೂರು ತಾಲ್ಲೂಕೇ ನಿಸರ್ಗ ಮತ್ತು ಶಿಲ್ಪಗಳ ತೆರೆದ ಭಂಡಾರ.

ತುಂಗಭದ್ರೆಯ ದಡದಲ್ಲಿದೆ ಚೌಡದಾನಪುರ. ಕಲ್ಯಾಣ ಚಾಲುಕ್ಯ ಶೈಲಿಯ ಮುಕ್ತೇಶ್ವರ ದೇಗುಲ ಇಲ್ಲಿ ಹೊಳೆಯ ಮಗ್ಗುಲಲ್ಲೇ ನಿಂತಿದೆ. ಆವರಣದ ಎತ್ತರವಾದ ಶಾಸನಗಳಲ್ಲಿ ಗುತ್ತ ಅರಸರ ಕಾಲದ ದಾನಗಳೂ, 1225ರಲ್ಲಿ ಬಂದು ನೆಲೆಸಿದ ಶಿವದೇವನೆಂಬ ಶಿವಯೋಗಿಯ ವೃತ್ತಾಂತವೂ ಉಂಟು. ಎಂಟು ಶತಮಾನಗಳ ಮಳೆ ಬಿಸಿಲುಗಳಿಗೂ ಆ ಅಕ್ಷರಗಳು ಸೋತಿಲ್ಲ.

ಇತ್ತ ರಾಣೆಬೆನ್ನೂರಿನ ಬಳಿ, 1974ರಲ್ಲಿ ಘೋಷಿತವಾದ 119 ಚದರ ಕಿಲೋಮೀಟರಿನ ಕೃಷ್ಣಮೃಗಧಾಮ. ಮುಂಜಾನೆಯ ಎಳೆಬಿಸಿಲಿನಲ್ಲಿ ತಿರುಚುಗೊಂಬಿನ ಕಪ್ಪು ಗಂಡೊಂದು ತಲೆಯೆತ್ತಿ ನಿಂತರೆ, ಕಂದು ಮೈಯ ಹೆಣ್ಣುಗಳ ಹಿಂಡು ಅದರ ಸುತ್ತ ನಿಶ್ಚಿಂತೆಯಿಂದ ಮೇಯುತ್ತದೆ.

ಆದರೆ ಇದೇ ಬಯಲಿನಲ್ಲಿ ಹಿಂದೆ ಗಂಭೀರವಾಗಿ ನಡೆದಾಡುತ್ತಿದ್ದ ಎರೆಭೂತ ಪಕ್ಷಿ ಇಂದು ಕಾಣಸಿಗದು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಆ ಹಕ್ಕಿಗೆ ತೆರೆದ ಹುಲ್ಲುಗಾವಲೇ ಮನೆ. ಆ ಹುಲ್ಲಿನ ನಡುವೆ ನೀಲಗಿರಿಯ ತೋಪುಗಳೆದ್ದವು.

ಎರಡನ್ನೂ ಒಂದೇ ದಿನ ನೋಡಬೇಕು. ದಾನಿಗಳ ಹೆಸರನ್ನು ಕಲ್ಲು ಕಾಯ್ದಿತು. ಹಕ್ಕಿಯನ್ನು ಕಾಯಬೇಕಾದದ್ದು ಹುಲ್ಲು, ಹುಲ್ಲನ್ನು ಕಾಯಬೇಕಾದವರು ಜನ. ಜಿಂಕೆಯ ಪಾಲಿಗಾದರೂ ಆ ಹುಲ್ಲು ಉಳಿಯಲಿ.